ನೀರು ತೆಗೆಸಿದರೂ ಮತ್ತೆ ಊದಿದ ಮಂಡಿ: ಶ್ರೀನಿವಾಸಪುರ ಕಡೆಯ ಒಂದು ಪ್ರಕರಣ

ಶ್ರೀನಿವಾಸಪುರದಲ್ಲಿ ಮಂಡಿ ಅಂದರೆ ಮೊದಲು ನೆನಪಾಗುವುದು ಮಾವಿನ ಮಂಡಿ. ಜೂನ್ ಕೊನೆಯ ವಾರ, ಆ ಮಂಡಿಗಳೆಲ್ಲ ತುಂಬಿ ತುಳುಕುವ ಕಾಲ. ಅಂಥ ಹೊತ್ತಲ್ಲಿ ಒಬ್ಬ ರೈತರು ಕೋಲಾರದ ನನ್ನ ಕ್ಲಿನಿಕ್ಕಿಗೆ ಬಂದು ಕೂತರು. "ಮಂಡಿಗೆ ಹೋಗಕ್ಕೆ ಮಂಡಿನೇ ಬಿಡ್ತಿಲ್ಲ ಸಾರ್" ಅಂದರು. ನಗುತ್ತಲೇ ಅಂದರು. ಪಂಚೆ ಮೇಲೆತ್ತಿ ಬಲಗಾಲು ತೋರಿಸಿದಾಗ ನನಗೆ ನಗು ಬರಲಿಲ್ಲ. ಎಡಗಡೆ ಚಿಪ್ಪಿನ ಅಂಚು ಚೆನ್ನಾಗಿ ಕಾಣುತ್ತಿತ್ತು. ಬಲಗಡೆ ಚಿಪ್ಪೇ ಮುಳುಗಿಹೋಗಿತ್ತು. ಅದರ ಮೇಲ್ಗಡೆ ಮತ್ತು ಎರಡೂ ಪಕ್ಕದಲ್ಲಿ ಲಾಳದ ಆಕಾರದಲ್ಲಿ ಊತ.

ನಾನು ಮೂಳೆ ಮತ್ತು ಕೀಲಿನ ವೈದ್ಯ. ಊದಿದ ಮಂಡಿ ನೋಡದ ದಿನವೇ ನನಗಿಲ್ಲ. ಆದರೂ ಇದೊಂದನ್ನು ಬರೆಯುತ್ತಿರುವುದಕ್ಕೆ ಕಾರಣ, ಇದರಲ್ಲಿ ನಾನೂ ಒಮ್ಮೆ ಎಡವಿದೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದರು, ಬೇಡ.

ವಯಸ್ಸು 43. ಮೂರು ಸೀಮೆ ಹಸು, ಅರ್ಧ ಎಕರೆ ಟೊಮೆಟೊ, ಒಂದಷ್ಟು ಮಾವಿನ ಮರ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಬೀಡಿ ಉಂಟು. ಇಷ್ಟನ್ನೂ ಮೊದಲ ದಿನವೇ ನನ್ನ ಕೈಯಾರೆ ಚೀಟಿಯಲ್ಲಿ ಬರೆದುಕೊಂಡಿದ್ದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಬರುವ ಮೊದಲು ಆಗಿದ್ದು

ಮೇ ತಿಂಗಳ ಮಧ್ಯದಲ್ಲಿ ಟೊಮೆಟೊ ಬಾಕ್ಸುಗಳನ್ನು ಟೆಂಪೋಗೆ ಎತ್ತಿ ಹಾಕುತ್ತಿದ್ದರಂತೆ. ಒಂದೊಂದು ಬಾಕ್ಸು 15 ಕೆಜಿ. ಅವತ್ತು ಸಂಜೆ ಮಂಡಿ ಬಿಗಿದಂತಾಯಿತು. ಮೂರು ದಿನದಲ್ಲಿ ಊದಿತು. ಉಳುಕಿರಬೇಕು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದರು. ನಮ್ಮ ಕಡೆ ಉಳುಕು ಅಂದಮೇಲೆ ಪುತ್ತೂರಿನ ಮಾತು ಬಾರದೆ ಇರುತ್ತಾ? ಮುಳಬಾಗಿಲು, ಪಲಮನೇರು, ಚಿತ್ತೂರು ದಾಟಿ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬಂದರು. ಸೊಪ್ಪಿನ ಪುಡಿ, ಮೊಟ್ಟೆಯ ಬಿಳಿ, ಬಟ್ಟೆ, ಬಿದಿರಿನ ದಬ್ಬೆ. ಕಟ್ಟು ಇದ್ದಷ್ಟು ದಿನ ಕಾಲು ಮಡಚಲಿಲ್ಲ, ಹಾಗಾಗಿ ನೋವು ಕಡಿಮೆಯಾಯಿತು. ಬಿಚ್ಚಿದಾಗ ಊತ ಹಾಗೇ ಕೂತಿತ್ತು. ಪುತ್ತೂರು ಕಟ್ಟನ್ನು ಸುಮ್ನೆ ಬೈಯುವವನಲ್ಲ ನಾನು. ಅದು ಮುರಿದ ಮೂಳೆಯನ್ನು ಅಲುಗಾಡದಂತೆ ಹಿಡಿದಿಡುವ ವಿದ್ಯೆ. ನೀರು ತುಂಬಿದ ಮಂಡಿಯ ಲೆಕ್ಕ ಬೇರೆ.

ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಎರಡು ಸಲ ನೀರು ತೆಗೆಸಿದ್ದರು. ಎರಡನೇ ಸಲ ನೀರು ತೆಗೆದ ಮೇಲೆ ಅದೇ ಜಾಗಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಹತ್ತು ದಿನ ಆರಾಮ. ಆಮೇಲೆ ಮತ್ತೆ ಊತ, ಈ ಸಲ ಮೊದಲಿಗಿಂತ ಜಾಸ್ತಿ.

"ತೆಗೆದ ನೀರನ್ನ ಏನು ಮಾಡಿದ್ರಣ್ಣ?" ಅಂತ ಕೇಳಿದೆ.

"ಬಕೆಟ್ಟಿಗೆ ಹಾಕಿದ್ರು ಸಾರ್."

ನೀರು ತೆಗೆದದ್ದು ತಪ್ಪಲ್ಲ. ತುಂಬಿದ ಮಂಡಿಯಿಂದ ನೀರು ತೆಗೆದರೆ ಆ ಕ್ಷಣಕ್ಕೆ ದೊಡ್ಡ ನೆಮ್ಮದಿ. ಆದರೆ ಆ ನೀರೇ ಸಾಕ್ಷಿ. ಅದನ್ನು ಪರೀಕ್ಷೆಗೆ ಕಳಿಸದೆ ಚೆಲ್ಲಿದ ಮೇಲೆ ಉಳಿಯುವುದು ಬರೀ ಊಹೆ. ಊಹೆಯ ಮೇಲೆ ಸ್ಟೀರಾಯ್ಡ್ ಹಾಕಿದರೆ ಎರಡರಲ್ಲಿ ಒಂದಾಗುತ್ತೆ. ಸವೆತವೋ ವಾತವೋ ಆಗಿದ್ದರೆ ಕೆಲವು ವಾರ ಆರಾಮ. ಸೋಂಕಾಗಿದ್ದರೆ ಕಳ್ಳನಿಗೆ ಬಾಗಿಲು ತೆರೆದುಕೊಟ್ಟ ಹಾಗೆ.

ಊತ ಎಲ್ಲಿದೆ, ಎಷ್ಟು ಬೇಗ ಬಂತು

"ಮಂಡಿ ಊದಿದೆ" ಅಂದರೆ ಸಾಲದು, ಎಲ್ಲಿ ಊದಿದೆ ಅಂತ ನೋಡಬೇಕು. ಚಿಪ್ಪಿನ ಮುಂದೆ, ಚರ್ಮದ ಕೆಳಗೆ ಮಾತ್ರ ಗುಳ್ಳೆಯಂತೆ ಊದಿದ್ದರೆ ಅದು ಕೀಲಿನೊಳಗಿನ ತೊಂದರೆ ಅಲ್ಲ. ದಿನವಿಡೀ ಮಂಡಿಯೂರಿ ಕೆಲಸ ಮಾಡುವವರಿಗೆ, ಟೈಲ್ಸ್ ಹಾಕುವವರಿಗೆ, ನೆಲ ಒರೆಸುವವರಿಗೆ ಬರುತ್ತೆ. ಮಂಡಿಯ ಹಿಂದೆ ನಿಂಬೆಹಣ್ಣಿನಂತೆ ಗಂಟು ಕೂತರೆ, ಒಳಗಿನ ನೀರೇ ಹಿಂದಕ್ಕೆ ತಳ್ಳಿಕೊಂಡು ಚೀಲ ಮಾಡಿಕೊಂಡಿರುತ್ತೆ. ಆ ಚೀಲ ಒಡೆದರೆ ಮೀನಖಂಡ ಊದಿ ನೋಯುತ್ತೆ. ಆಗ ರಕ್ತನಾಳದಲ್ಲಿ ಹೆಪ್ಪುಗಟ್ಟಿಲ್ಲ ಅಂತ ಸ್ಕ್ಯಾನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು, ಯಾಕಂದ್ರೆ ಎರಡೂ ನೋಡಲು ಒಂದೇ ಥರ.

ಇವರದು ಒಳಗಿನ ಊತವೇ. ಚಿಪ್ಪಿನ ಮೇಲಿನ ನೀರನ್ನು ಒಂದು ಕೈಯಲ್ಲಿ ಕೆಳಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿಂದ ಚಿಪ್ಪನ್ನು ತಟ್ಟಿದೆ. ಪಾತ್ರೆಯ ನೀರಲ್ಲಿ ತೇಲುವ ತೆಂಗಿನ ಚಿಪ್ಪನ್ನು ಒತ್ತಿದರೆ ತಳಕ್ಕೆ ತಾಗುತ್ತಲ್ಲ, ಹಾಗೆ ಟಕ್ ಅಂತು. ಮುಟ್ಟಿದರೆ ಬೆಚ್ಚಗಿತ್ತು. ಆದರೆ ಕೆಂಪಗಿರಲಿಲ್ಲ. ಕಾಲು 90 ಡಿಗ್ರಿವರೆಗೆ ಮಡಚುತ್ತಿತ್ತು, ಆಮೇಲೆ ಹಲ್ಲು ಕಚ್ಚುತ್ತಿದ್ದರು. ಬಲತೊಡೆ ಎಡತೊಡೆಗಿಂತ ಎರಡು ಸೆಂಟಿಮೀಟರ್ ಸಣ್ಣಗಾಗಿತ್ತು. ಮಂಡಿ ಊದಿದರೆ ತೊಡೆ ಬಹಳ ಬೇಗ ಕರಗುತ್ತೆ, ಇದು ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಊತ ಎಷ್ಟು ಬೇಗ ಬಂತು ಅನ್ನುವುದು. ಕಬಡ್ಡಿ ಆಡುವಾಗ ಕಾಲು ತಿರುಚಿ, ಒಂದೆರಡು ಗಂಟೆಯಲ್ಲೇ ಮಂಡಿ ಚೆಂಡಿನಂತಾದರೆ ಒಳಗಿರುವುದು ರಕ್ತ. ಒಳಗಿನ ಲಿಗಮೆಂಟ್ ಹರಿದಿರಬಹುದು, ಮೂಳೆ ಬಿರುಕು ಬಿಟ್ಟಿರಬಹುದು. ಮರುದಿನ ಬೆಳಿಗ್ಗೆ ಹೊತ್ತಿಗೆ ಊದಿದರೆ ಮಂಡಿಯೊಳಗಿನ ಗಾದಿ, ಅಂದರೆ ಮೆನಿಸ್ಕಸ್, ಹರಿದಿರುವ ಸಾಧ್ಯತೆ ಜಾಸ್ತಿ. ಇವಕ್ಕೆ ಮೊದಲ ದಿನಗಳಲ್ಲಿ ವಿಶ್ರಾಂತಿ, ಐಸು, ಎಳೆಪಟ್ಟಿ. ಕೆಲವರಿಗೆ ಮಾತ್ರ ದುರ್ಬೀನು ಆಪರೇಷನ್ ಬೇಕಾಗುತ್ತೆ. ನಮ್ಮ ರೈತರು ಬಾಕ್ಸ್ ಎತ್ತಿದ್ದು ನಿಜ, ಆದರೆ ಬಿದ್ದಿರಲಿಲ್ಲ, ಕಾಲು ತಿರುಚಿರಲಿಲ್ಲ. ಹದಿನೈದು ವರ್ಷದಿಂದ ಅದೇ ಬಾಕ್ಸ್ ಎತ್ತುತ್ತಿದ್ದಾರೆ. ಊತ ಕಂಡ ದಿನ ಏನು ಮಾಡುತ್ತಿದ್ದರೋ ಅದರ ಮೇಲೆ ತಪ್ಪು ಹೊರಿಸುವುದು ನಮ್ಮೆಲ್ಲರ ಅಭ್ಯಾಸ.

ದಿನಾ ನೋಡುವ ಕಾರಣಗಳು

ನನ್ನ ಓಪಿಡಿಗೆ ಬರುವ ಊದಿದ ಮಂಡಿಗಳಲ್ಲಿ ದೊಡ್ಡ ಪಾಲು ಸವೆತದ್ದು. ಐವತ್ತು ದಾಟಿದವರು, ತೂಕ ಇರುವವರು, ಹೆಂಗಸರು ಹೆಚ್ಚು. ಮೂಳೆಯ ತುದಿಯಲ್ಲಿರುವ ಕಾರ್ಟಿಲೇಜ್ ಸವೆದು, ಒಳಪೊರೆ ಕೆರಳಿ, ನೀರು ಬಿಡುತ್ತೆ. ಇದಕ್ಕೆ ನಾನು ಮೊದಲು ಬರೆಯುವುದು ಮಾತ್ರೆ ಅಲ್ಲ, ತೊಡೆಯ ವ್ಯಾಯಾಮ. ಒಂದು ಕೆಜಿ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆಯಾಗುತ್ತೆ. ಇದನ್ನು ಹೇಳಿದರೆ ಯಾರೂ ಖುಷಿಪಡುವುದಿಲ್ಲ. ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್, ಕೆಲವು ದಿನ ನೋವಿನ ಮಾತ್ರೆ, ತೀರಾ ಊದಿದರೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಕೊನೆಗೆ ರಾತ್ರಿ ನಿದ್ದೆಯೂ ಇಲ್ಲ, ನಡೆಯಲೂ ಆಗಲ್ಲ ಅನ್ನುವಾಗ ಮಂಡಿ ಬದಲಿ ಶಸ್ತ್ರಚಿಕಿತ್ಸೆ. ನಮ್ಮ ರೈತರಿಗೆ 43. ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಜಾಗ ಚೆನ್ನಾಗೇ ಇತ್ತು. ಸವೆತ ಅಲ್ಲ.

ಹಿಂದಿನ ಕ್ಲಿನಿಕ್ಕಿನ ರಕ್ತಪರೀಕ್ಷೆಯ ಹಾಳೆಯಲ್ಲಿ ಯೂರಿಕ್ ಆಸಿಡ್ 6.8 ಇತ್ತು. ಯಾರೋ ಅದಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು. "ಬೇಳೆ ಬಿಟ್ಟಿದೀನಿ ಸಾರ್" ಅಂದರು. ಪಾಪ, ಒಂದು ತಿಂಗಳಿಂದ ಸಾರಿಲ್ಲದ ಮುದ್ದೆ! ಗೌಟ್, ಅಂದರೆ ಯೂರಿಕ್ ಆಸಿಡ್ ಹರಳಾಗಿ ಕೀಲಿನಲ್ಲಿ ಕೂರುವ ಕಾಯಿಲೆ, ಬರುವ ರೀತಿಯೇ ಬೇರೆ. ರಾತ್ರೋರಾತ್ರಿ ಬರುತ್ತೆ, ಬಹಳ ಸಲ ಕಾಲಿನ ಹೆಬ್ಬೆರಳಿಂದ ಶುರುವಾಗುತ್ತೆ, ಹೊದಿಕೆ ತಾಗಿದರೂ ಜೀವ ಹೋದ ಹಾಗಾಗುತ್ತೆ. ಒಂದೆರಡು ವಾರದಲ್ಲಿ ತಾನಾಗೇ ಇಳಿಯುತ್ತೆ. ನೋವು ಬಂದ ಹೊತ್ತಲ್ಲಿ ರಕ್ತದ ಯೂರಿಕ್ ಆಸಿಡ್ ಸರಿಯಾಗೇ ಇರಬಹುದು, ಗೌಟ್ ಇಲ್ಲದವರಲ್ಲಿ ಜಾಸ್ತಿಯೂ ಇರಬಹುದು. ಅದನ್ನು ಖಚಿತ ಮಾಡುವುದು ಕೀಲಿನ ನೀರಲ್ಲಿ ಕಾಣುವ ಸೂಜಿಯಂಥ ಹರಳುಗಳು. ಚಿಕಿತ್ಸೆಯೂ ಎರಡು ಭಾಗ. ಆ ಹೊತ್ತಿನ ಉರಿಗೆ ನೋವಿನ ಮಾತ್ರೆ ಅಥವಾ ಕಾಲ್ಚಿಸಿನ್. ಪದೇ ಪದೇ ಬರುವವರಿಗೆ ಅಲೋಪ್ಯೂರಿನಾಲ್ ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ಯೂರಿಕ್ ಆಸಿಡ್ ಆರಕ್ಕಿಂತ ಕೆಳಗೆ ಇಳಿಸಿ ಅಲ್ಲೇ ಇಟ್ಟುಕೊಳ್ಳುವುದು. ಇವರಿಗೆ ಅವತ್ತೇ ಬೇಳೆ ತಿನ್ನಿ ಅಂತ ಹೇಳಿ ಕಳಿಸಿದೆ.

ಎರಡೂ ಮಂಡಿ, ಜೊತೆಗೆ ಕೈಬೆರಳ ಗಿಣ್ಣುಗಳು ಊದಿ, ಬೆಳಿಗ್ಗೆ ಎದ್ದು ಒಂದು ಗಂಟೆವರೆಗೂ ಬಿಗಿತ ಇದ್ದರೆ ರುಮಟಾಯ್ಡ್ ಸಂಧಿವಾತದ ಗುಮಾನಿ. ಅದಕ್ಕೆ ಮೆಥೊಟ್ರೆಕ್ಸೇಟ್ ಮುಖ್ಯ ಔಷಧಿ. ವಾರಕ್ಕೆ ಒಂದೇ ದಿನ ನುಂಗಬೇಕಾದ ಮಾತ್ರೆ ಅದು. ದಿನಾ ನುಂಗಿ ಜೀವಕ್ಕೆ ತಂದುಕೊಂಡವರಿದ್ದಾರೆ, ಅದಕ್ಕೇ ಚೀಟಿಯಲ್ಲಿ ವಾರದ ಹೆಸರು ದೊಡ್ಡದಾಗಿ ಬರೆಯುತ್ತೇನೆ. ಚಿಕೂನ್‌ಗುನ್ಯಾ ಅಂದರೆ 2006ನೇ ಇಸವಿ ನೆನಪಿರುವವರಿಗೆ ವಿವರಿಸುವುದೇ ಬೇಡ. ಊರಿಗೆ ಊರೇ ಕುಂಟಿಕೊಂಡು ಓಡಾಡಿತ್ತು. ಅದರಲ್ಲಿ ಜ್ವರದ ಜೊತೆ ಹತ್ತಾರು ಕೀಲು ಒಟ್ಟಿಗೆ ಹಿಡಿದುಕೊಳ್ಳುತ್ತೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತೆ: "ಫ್ಲೋರೈಡ್ ನೀರು ಸಾರ್." ಕೋಲಾರದ ಆಳದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ನಿಜ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಯಾಗುತ್ತೆ, ಇನ್ನೂ ಹೆಚ್ಚಾದರೆ ಬೆನ್ನು, ಕತ್ತು, ಕೀಲು ಬಿಗಿಯುತ್ತೆ. ಆದರೆ ಅದು ನಿಧಾನಕ್ಕೆ ಇಡೀ ಮೈಯನ್ನು ಬಿಗಿಯುವ ಕಾಯಿಲೆ. ಒಂದೇ ಮಂಡಿಯನ್ನು ಆರು ವಾರದಲ್ಲಿ ನೀರು ತುಂಬಿಸಿ ಬೆಚ್ಚಗೆ ಮಾಡುವುದು ಅದರ ಗುಣ ಅಲ್ಲ.

ಉಳಿದದ್ದು ಸೋಂಕು. ಸಾಮಾನ್ಯ ಕೀವಿನ ಸೋಂಕಾದರೆ ಜ್ವರ, ನಡುಕ, ಕಾಲು ಊರಲಾಗದ ನೋವು. ಅದು ತುರ್ತು. ಅವತ್ತೇ ಕೀಲು ತೊಳೆದು ರಕ್ತನಾಳಕ್ಕೆ ಆಂಟಿಬಯಾಟಿಕ್ ಹಾಕದಿದ್ದರೆ ಕೆಲವೇ ದಿನದಲ್ಲಿ ಕಾರ್ಟಿಲೇಜ್ ಹಾಳು. ಆರು ವಾರ ಕುಂಟುತ್ತಾ ಓಡಾಡಿದವರಿಗೆ ಅದು ಹೊಂದುವುದಿಲ್ಲ. ಒಂದೇ ಕೀಲು, ನಿಧಾನ, ಬೆಚ್ಚಗಿದೆ, ಕೆಂಪಿಲ್ಲ, ತೊಡೆ ಕರಗಿದೆ. ನಮ್ಮ ದೇಶದಲ್ಲಿ ಇದನ್ನು ಓದಿದ ಯಾವ ವೈದ್ಯರಿಗಾದರೂ ಮೊದಲು ಹೊಳೆಯುವುದು ಟಿಬಿ. ನನಗೂ ಅದೇ ಹೊಳೆಯಿತು.

ಸಿರಿಂಜಿನಲ್ಲಿ ಕಂಡದ್ದು

ಚಿಪ್ಪಿನ ಹೊರಪಕ್ಕದಿಂದ ಸೂಜಿ ಹಾಕಿ 45 ಮಿಲಿ ನೀರು ತೆಗೆದೆ. ಒಳ್ಳೆಯ ಮಂಡಿಯಲ್ಲಿ ಇರುವುದು ಮೂರ್ನಾಲ್ಕು ಮಿಲಿ ಅಷ್ಟೇ. ಆರೋಗ್ಯವಾಗಿರುವ ಕೀಲಿನ ನೀರು ತಿಳಿ, ತುಸು ಹಳದಿ. ಗ್ಲೌಸ್ ಹಾಕಿದ ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಇಟ್ಟು ಎಳೆದರೆ, ಬೆಲ್ಲದ ಪಾಕದ ಹಾಗೆ ಎಳೆ ಬರಬೇಕು. ಇವರ ನೀರು ಮಬ್ಬು ಹಳದಿ. ಸಿರಿಂಜನ್ನು ಪೇಪರಿನ ಮುಂದೆ ಹಿಡಿದರೆ ಹಿಂದಿನ ಅಕ್ಷರ ಓದಲಾಗಲಿಲ್ಲ. ಎಳೆ ಬರಲಿಲ್ಲ, ನೀರಿನ ಹಾಗೆ ತೊಟ್ಟಿಕ್ಕಿತು. ಅಂದರೆ ಒಳಗೆ ಉರಿಯೂತ ಇದೆ, ಬರೀ ಸವೆತ ಅಲ್ಲ ಅಂತ ಲ್ಯಾಬಿಗೆ ಹೋಗುವ ಮೊದಲೇ ಗೊತ್ತಾಯಿತು.

ಮರುದಿನದ ವರದಿ: ಬಿಳಿ ರಕ್ತಕಣ 11,000, ಅದರಲ್ಲಿ ಲಿಂಫೋಸೈಟ್ ಬಗೆಯವೇ ಹೆಚ್ಚು. ಸವೆತದ ನೀರಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 2,000ದ ಒಳಗಿರುತ್ತೆ. ಕೀವಾಗಿದ್ದರೆ 50,000 ದಾಟುವುದೇ ಹೆಚ್ಚು. ಇದು ಮಧ್ಯದ್ದು. ಹರಳು ಇಲ್ಲ. ಸ್ಲೈಡಿನಲ್ಲಿ ರೋಗಾಣು ಕಾಣಲಿಲ್ಲ. ರಕ್ತದಲ್ಲಿ ಬಿಳಿಕಣ 6,200, ಅಂದರೆ ಸರಿಯಾಗೇ ಇದೆ. ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಇಎಸ್‌ಆರ್ 48, ಜಾಸ್ತಿ. ರುಮಟಾಯ್ಡ್ ಪರೀಕ್ಷೆ ನೆಗೆಟಿವ್.

ಟಿಬಿಯ ಜೀನ್ ಪರೀಕ್ಷೆಗೂ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರಿಗೂ ನೀರು ಕಳಿಸಿದೆ. ಜೀನ್ ಪರೀಕ್ಷೆ ನೆಗೆಟಿವ್ ಬಂತು. ಮಾಮೂಲಿ ಕಲ್ಚರ್ 48 ಗಂಟೆಗೆ "ಬೆಳವಣಿಗೆ ಇಲ್ಲ" ಅಂತ ಬಂತು. ಟಿಬಿ ಕಲ್ಚರಿಗೆ ಆರು ವಾರವಾದರೂ ಬೇಕು. ಕೀಲಿನ ನೀರಲ್ಲಿ ಟಿಬಿ ರೋಗಾಣು ಸುಲಭಕ್ಕೆ ಸಿಗುವುದಿಲ್ಲ, ನೆಗೆಟಿವ್ ಬಂದಾಕ್ಷಣ ಟಿಬಿ ಇಲ್ಲ ಅನ್ನಲಾಗದು. ಹಾಗಾಗಿ ಒಳಪೊರೆಯ ಚೂರು ತೆಗೆದು ನೋಡೋಣ, ಬಯಾಪ್ಸಿ ಮಾಡೋಣ ಅಂತ ಯೋಚಿಸಿಕೊಂಡೇ ಎರಡನೇ ಭೇಟಿಗೆ ಅವರನ್ನು ಕರೆದೆ.

ಬಟವಾಡೆಯ ಮಾತು

ಎರಡನೇ ಸಲ ಹೆಂಡತಿಯೂ ಜೊತೆಗೆ ಬಂದಿದ್ದರು. ಬಯಾಪ್ಸಿ ಅಂದರೇನು, ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಾನು ಹೇಳುತ್ತಿದ್ದೆ. ಆಯಮ್ಮ ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

"ಖರ್ಚು ಎಷ್ಟಾಗ್ತದೆ ಸಾರ್? ಈ ಸಲ ಡೇರಿ ಬಟವಾಡೆ ಅರ್ಧಕ್ಕರ್ಧ ಕಮ್ಮಿ. ಒಂದು ಹಸು ಕಂದು ಹಾಕ್ಬಿಡ್ತು."

ನಾನು ಪೆನ್ನು ಕೆಳಗಿಟ್ಟೆ.

"ಯಾವಾಗಮ್ಮ?"

"ಯುಗಾದಿ ಹಿಂದ್ಮುಂದೆ. ಏಳು ತಿಂಗಳ ಗಬ್ಬ. ಮಾಸು ಬೀಳಲೇ ಇಲ್ಲ, ಇವ್ರೇ ಕೈ ಹಾಕಿ ಎಳೆದ್ರು."

"ಕೈಗೆ ಏನಾದ್ರೂ ಹಾಕ್ಕೊಂಡಿದ್ರಾ?"

"ಏನ್ ಹಾಕ್ಕೊಂತಾರೆ? ಎಣ್ಣೆ ಹಚ್ಕೊಂಡ್ರು."

ಆಮೇಲೆ ಒಂದೊಂದಾಗಿ ಬಂತು. ಸತ್ತ ಕರುವನ್ನೂ ಮಾಸನ್ನೂ ತಿಪ್ಪೆಗೆ ಹಾಕಿದ್ದರು, ನಾಯಿಗಳು ಎಳೆದಾಡಿದ್ದವು. ಮೂರ್ನಾಲ್ಕು ವಾರ ಬಿಟ್ಟು ಯಜಮಾನರಿಗೆ ಜ್ವರ ಬಂದಿತ್ತು. ಸಂಜೆ ಏರುವುದು, ಬೆಳಿಗ್ಗೆ ಇಳಿಯುವುದು. ರಾತ್ರಿ ಎರಡು ಬನಿಯನ್ ಬದಲಾಯಿಸುವಷ್ಟು ಬೆವರು, ಜೊತೆಗೆ ಸೊಂಟ ನೋವು. ಊರಲ್ಲಿ ವೈರಲ್ ಅಂತ ಮಾತ್ರೆ ಕೊಟ್ಟಿದ್ದರು, ಹದಿನೈದು ದಿನಕ್ಕೆ ಬಿಟ್ಟಿತ್ತು.

"ನಾನು ಕೇಳಿದಾಗ ಜ್ವರ ಇಲ್ಲ ಅಂದ್ರಲ್ಲಣ್ಣ?"

"ನೀವು ಜ್ವರ ಐತಾ ಅಂತ ಕೇಳಿದ್ರಿ ಸಾರ್. ಇರ್ಲಿಲ್ಲ. ಅದು ಹೋಗಿ ತಿಂಗಳಾಗಿತ್ತು."

ಅವರ ಉತ್ತರ ಸರಿಯಾಗಿತ್ತು. ನನ್ನ ಪ್ರಶ್ನೆ ಸರಿಯಿರಲಿಲ್ಲ. ಚೀಟಿ ತಿರುಗಿಸಿ ನೋಡಿದೆ. "ಮೂರು ಸೀಮೆ ಹಸು" ಅಂತ ನನ್ನದೇ ಅಕ್ಷರ. ಉದ್ಯೋಗ ಅನ್ನುವ ಗೆರೆ ತುಂಬಿಸಲು ಬರೆದದ್ದು, ಅಷ್ಟೇ. ಹೈನುಗಾರಿಕೆಯಿಂದಲೇ ಮನೆ ನಡೆಯುವ ಈ ಕಡೆ, ಊದಿದ ಮಂಡಿಗೆ ಕೊಟ್ಟಿಗೆಯ ಸಮಾಚಾರ ಕೇಳದೆ ಬಿಟ್ಟಿದ್ದೆ.

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಹಾಲು ಹಸಿಯಾಗಿ ಕುಡಿಯುತ್ತೀರಾ? ಮನೆಯವರೆಲ್ಲ ಕಾಯಿಸಿದ ಹಾಲೇ. ಇವರು ಮಾತ್ರ ಚಿಕ್ಕಂದಿನಿಂದಲೂ ಬೆಳಿಗ್ಗೆ ಕರೆದ ಕೂಡಲೇ ಅರ್ಧ ಲೋಟ ನೊರೆಹಾಲು. "ಶಕ್ತಿ ಸಾರ್" ಅಂದರು.

ಕಂದು ಹಾಕುವ ರೋಗ ಮನುಷ್ಯರಿಗೆ ಬಂದಾಗ

ದನದ ಡಾಕ್ಟರಿಗೆ ಕಂದು ಹಾಕುವ ರೋಗ ಅಂದರೆ ತಕ್ಷಣ ಗೊತ್ತಾಗುತ್ತೆ. ಮನುಷ್ಯರ ಡಾಕ್ಟರು ಅದನ್ನೇ ಬ್ರುಸೆಲ್ಲೋಸಿಸ್ ಅಂತ ಓದಿ, ಪರೀಕ್ಷೆ ಬರೆದು, ಮರೆತುಬಿಡುತ್ತಾರೆ. 1887ರಲ್ಲಿ ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಈ ರೋಗಾಣುವನ್ನು ಕಂಡುಹಿಡಿದ. ಅಲ್ಲಿ ಅದು ಬಂದದ್ದು ಮೇಕೆಯ ಹಸಿ ಹಾಲಿನಿಂದ ಅಂತ ಆಮೇಲೆ ಗೊತ್ತಾಯಿತು. 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಹಸು ಕಂದು ಹಾಕುವುದಕ್ಕೆ ಕಾರಣವಾದ ರೋಗಾಣುವನ್ನು ಗುರುತಿಸಿದ. ಎರಡೂ ಒಂದೇ ಕುಲದವು.

ಕಂದು ಹಾಕಿದ ಹಸುವಿನ ಮಾಸು, ಮಾಸಿನ ನೀರು, ಸತ್ತ ಕರು, ಇವುಗಳಲ್ಲಿ ರೋಗಾಣು ತುಂಬಿರುತ್ತೆ. ಕೈಯ ಸಣ್ಣ ಗಾಯ ಸಾಕು. ಕಣ್ಣಿಗೆ ಚಿಮ್ಮಿದರೂ ಸಾಕು. ಹಸಿ ಹಾಲಿನಿಂದಲೂ ಬರುತ್ತೆ. ಕಾಯಿಸಿದ ಹಾಲು, ಡೇರಿಯಲ್ಲಿ ಪಾಶ್ಚರೀಕರಣ ಆದ ಪ್ಯಾಕೆಟ್ ಹಾಲು ಎರಡೂ ಸುರಕ್ಷಿತ. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ. ಒಳಹೊಕ್ಕ ರೋಗಾಣು ನಮ್ಮನ್ನು ಕಾಯಬೇಕಾದ ಬಿಳಿಕಣಗಳ ಒಳಗೇ ಅಡಗಿ ಕೂರುತ್ತೆ. ಜ್ವರ ಅಲೆಅಲೆಯಾಗಿ ಬಂದು ಹೋಗುತ್ತೆ. ಆಮೇಲೆ ಎಲ್ಲೋ ಒಂದು ಕಡೆ, ಸೊಂಟದ ಕೀಲು, ಬೆನ್ನು, ಮಂಡಿ, ಮನೆ ಮಾಡಿಕೊಳ್ಳುತ್ತೆ. ಟಿಬಿಗೂ ಇದಕ್ಕೂ ಅದಲು ಬದಲಾಗುವುದು ಇದಕ್ಕೇ. ಎರಡೂ ನಿಧಾನ, ಎರಡಕ್ಕೂ ಸಂಜೆಯ ಜ್ವರ, ರಾತ್ರಿಯ ಬೆವರು.

ಅವತ್ತೇ ಮತ್ತೊಮ್ಮೆ ನೀರು ತೆಗೆದೆ. ಈ ಸಲ ಲ್ಯಾಬಿಗೆ ಫೋನ್ ಮಾಡಿ ಹೇಳಿದೆ: ಬ್ರುಸೆಲ್ಲಾ ಗುಮಾನಿ ಇದೆ, ಮೂರು ವಾರ ಇಟ್ಟು ನೋಡಿ, ಜೋಪಾನ. ಹೀಗೆ ಮುಂಚೆ ಹೇಳುವುದು ಬರೀ ಮರ್ಯಾದೆ ಅಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಅಂಟುವ ಸೋಂಕುಗಳಲ್ಲಿ ಇದು ಮುಂದಿನ ಸಾಲಿನದು. ರಕ್ತದ ರೋಸ್ ಬೆಂಗಾಲ್ ಪರೀಕ್ಷೆ ಪಾಸಿಟಿವ್ ಬಂತು. ರಕ್ತದ ಸೀರಮ್ಮನ್ನು ಎಷ್ಟು ಪಟ್ಟು ತೆಳು ಮಾಡಿದರೂ ರೋಗದ ಗುರುತು ಸಿಗುತ್ತೆ ಅಂತ ನೋಡುವ ಟ್ಯೂಬ್ ಪರೀಕ್ಷೆಯಲ್ಲಿ 1:640. ಲಕ್ಷಣ ಇರುವವರಲ್ಲಿ 1:160 ಅಂದರೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂಬತ್ತನೇ ದಿನ ಕಲ್ಚರಿನಲ್ಲೂ ರೋಗಾಣು ಬೆಳೆಯಿತು. ಮೊದಲನೇ ಸಲ ಎರಡೇ ದಿನಕ್ಕೆ ಕಲ್ಚರ್ ಮುಗಿಸಿದ್ದಕ್ಕೆ ಸಿಕ್ಕಿರಲಿಲ್ಲ. ಲ್ಯಾಬಿನದು ತಪ್ಪಲ್ಲ, ಏನು ಹುಡುಕಬೇಕು ಅಂತ ನಾನು ಹೇಳಿರಲಿಲ್ಲ.

ಚಿಕಿತ್ಸೆ

ಔಷಧಿ ದುಬಾರಿ ಅಲ್ಲ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಕಷ್ಟ ಇರುವುದು ದಿನಗಳಲ್ಲಿ. ಕನಿಷ್ಠ ಆರು ವಾರ. ಕೀಲು, ಬೆನ್ನು ಹಿಡಿದಿದ್ದರೆ ಮೂರು ತಿಂಗಳವರೆಗೂ ಹೋಗಬೇಕಾಗುತ್ತೆ. ಇವರ ಸೊಂಟದ ಕೀಲನ್ನು ಒತ್ತಿದರೂ ನೋವಿತ್ತು, ಹಾಗಾಗಿ ಹನ್ನೆರಡು ವಾರ ಬರೆದೆ. ಒಂದೇ ಔಷಧಿ ಕೊಟ್ಟರೆ ರೋಗ ಮರುಕಳಿಸುವುದು ಹೆಚ್ಚು, ಜೊತೆಗೆ ಎರಡನೆಯದು ಬೇಕೇ ಬೇಕು.

ಆ ಎರಡನೆಯದು ಯಾವುದು ಅನ್ನುವುದಕ್ಕೆ ತುಸು ತಲೆ ಕೆಡಿಸಿಕೊಂಡೆ. ರಿಫಾಂಪಿಸಿನ್ ಕೊಡಬಹುದು, ನುಂಗಲು ಸುಲಭ. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಡಬಹುದು. ಆದರೆ ಎರಡೂ ಟಿಬಿಗೂ ಕೆಲಸ ಮಾಡುವ ಔಷಧಿಗಳು. ಟಿಬಿ ಕಲ್ಚರ್ ಇನ್ನೂ ಬಾಕಿ ಇತ್ತು. ಅಕಸ್ಮಾತ್ ಟಿಬಿಯೂ ಇದ್ದು, ಅರ್ಧಂಬರ್ಧ ಔಷಧಿ ಬಿದ್ದರೆ ರೋಗ ಮರೆಯಾಗುತ್ತೆ, ಔಷಧಿಗೂ ಬಗ್ಗದಂತಾಗುತ್ತೆ. ಅದಕ್ಕೇ ಜೆಂಟಾಮೈಸಿನ್ ಇಂಜೆಕ್ಷನ್ ಆರಿಸಿಕೊಂಡೆ. ಕಿಡ್ನಿ ಪರೀಕ್ಷೆ ಮಾಡಿಸಿ, ತೂಕ ನೋಡಿ, ದಿನಕ್ಕೊಂದರಂತೆ ಹತ್ತು ದಿನ. ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಹಾಕಿಸಿಕೊಂಡರು. ಟಿಬಿ ಕಲ್ಚರ್ ಕೊನೆಗೆ ನೆಗೆಟಿವ್ ಬಂತು.

ಡಾಕ್ಸಿಸೈಕ್ಲಿನ್ ನುಂಗುವ ರೀತಿಯನ್ನು ಎರಡೆರಡು ಸಲ ಹೇಳಿದೆ. ಊಟ ಆದ ಮೇಲೆ, ದೊಡ್ಡ ಲೋಟ ನೀರಿನ ಜೊತೆ, ಕೂತುಕೊಂಡು. ನುಂಗಿ ಅರ್ಧ ಗಂಟೆ ಮಲಗುವ ಹಾಗಿಲ್ಲ, ಅನ್ನನಾಳ ಸುಡುತ್ತೆ. ಹಾಲಿನ ಜೊತೆ ನುಂಗಿದರೆ ಔಷಧಿ ಮೈಗೆ ಸೇರುವುದು ಕಡಿಮೆ. ಬಿಸಿಲಿಗೆ ಚರ್ಮ ಬೇಗ ಕಪ್ಪಾಗಿ ಉರಿಯುತ್ತೆ, ತೋಟದಲ್ಲಿ ತುಂಬುತೋಳಿನ ಅಂಗಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಈ ಮಾತ್ರೆ ಆಗದು, ಅವರಿಗೆ ಬೇರೆ ಔಷಧಿ ಇದೆ.

ಮಂಡಿಗೆ ಮತ್ತೆ ಯಾವ ಇಂಜೆಕ್ಷನ್ನೂ ಹಾಕಲಿಲ್ಲ. ಟವೆಲ್ಲನ್ನು ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು, ಅದನ್ನು ಕೆಳಕ್ಕೆ ಒತ್ತಿ ಹತ್ತು ಎಣಿಸುವುದು. ಹತ್ತು ಸಲ, ಬೆಳಿಗ್ಗೆ ಸಂಜೆ. ಎರಡು ವಾರ ಬಿಟ್ಟು ಕಾಲು ನೆಟ್ಟಗೆ ಮಾಡಿ ಮೇಲಕ್ಕೆತ್ತುವುದು. ಹಾಲು ಕರೆಯುವಾಗ ಕುಕ್ಕರಗಾಲಲ್ಲಿ ಕೂರದೆ ಮಣೆ ಹಾಕಿಕೊಳ್ಳುವುದು. ಮೂರನೇ ವಾರಕ್ಕೆ ಊತ ಅರ್ಧ ಇಳಿಯಿತು. ಆರನೇ ವಾರಕ್ಕೆ ಚಿಪ್ಪಿನ ಅಂಚು ಕಣ್ಣಿಗೆ ಬಿತ್ತು. "ಔಷಧಿ ಸಾಕಲ್ವಾ ಸಾರ್" ಅಂದರು. ಎಲ್ಲರೂ ಅಲ್ಲೇ ಎಡವುವುದು. ಆರಾಮಾಯಿತು ಅಂತ ನಿಲ್ಲಿಸಿದವರೇ ಆರು ತಿಂಗಳಲ್ಲಿ ವಾಪಸ್ ಬರುತ್ತಾರೆ.

ಹೆಂಡತಿಯ ರಕ್ತವನ್ನೂ ನೋಡಿದೆವು, 1:320. ಕೇಳಿದರೆ ಎರಡು ತಿಂಗಳಿಂದ ಸೊಂಟ ನೋವು, ರಾತ್ರಿ ಬೆವರು. ಕೆಲಸ ಜಾಸ್ತಿ, ಅದಕ್ಕೇ ಅಂದುಕೊಂಡಿದ್ದರಂತೆ. ಕಂದು ಹಾಕಿದ ದಿನ ಕೊಟ್ಟಿಗೆ ತೊಳೆದದ್ದು ಅವರೇ. ಅವರಿಗೂ ಚಿಕಿತ್ಸೆ ಶುರುವಾಯಿತು. ಕಾಲೇಜಿಗೆ ಹೋಗುವ ಮಗನದು ನೆಗೆಟಿವ್.

ಹಸುವಿನ ಪ್ರಶ್ನೆ

ಮಂಡಿಗಿಂತ ಇದೇ ಕಷ್ಟದ್ದು. ಪಶುವೈದ್ಯರು ಬಂದು ಮೂರೂ ಹಸುಗಳ ರಕ್ತ ತೆಗೆದರು. ಕಂದು ಹಾಕಿದ್ದು ಪಾಸಿಟಿವ್. ಗಬ್ಬದಲ್ಲಿದ್ದ ಇನ್ನೊಂದೂ ಪಾಸಿಟಿವ್. ಮೂರನೆಯದು ನೆಗೆಟಿವ್, ಅದನ್ನು ಬೇರೆ ಕಡೆ ಕಟ್ಟಿದರು. ಮನುಷ್ಯರಂತೆ ಹಸುವಿಗೆ ಔಷಧಿ ಕೊಟ್ಟು ಈ ರೋಗ ಬಿಡಿಸುವ ಪದ್ಧತಿ ಇಲ್ಲ. ಇರುವುದು ಲಸಿಕೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುವಿಗೆ ಒಂದೇ ಒಂದು ಸಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಇದನ್ನೂ ಸೇರಿಸಿದ್ದಾರೆ. ಲಸಿಕೆಯಲ್ಲಿರುವುದು ಜೀವಂತ ರೋಗಾಣು, ಹಾಕುವವರ ಕೈಗೆ ಸೂಜಿ ಚುಚ್ಚಿದರೆ ಅವರೂ ನಮ್ಮ ಹತ್ತಿರ ಬರಬೇಕಾಗುತ್ತೆ. ಈ ಮನೆಯ ಹಸುಗಳ ವಯಸ್ಸು ದಾಟಿಹೋಗಿತ್ತು.

ಪಕ್ಕದ ಮನೆಯವರು ಸಂತೆಗೆ ಹೊಡೆದುಬಿಡಿ ಅಂದರಂತೆ. ಹೊಡೆದರೆ ರೋಗ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತೆ, ಅಲ್ಲೂ ಯಾರೋ ಒಬ್ಬರು ಬರಿಗೈ ಹಾಕುತ್ತಾರೆ. ಇಟ್ಟುಕೊಂಡರೆ ಮೇವಿನ ಖರ್ಚು. "ನೀವೇನಂತೀರಿ ಸಾರ್?" ಅಂತ ಕೇಳಿದರು. ಮಂಡಿ ಡಾಕ್ಟರ್ ಏನು ಹೇಳಬೇಕು? ಮಾರಬೇಡಿ ಅಂದೆ. ಆ ಮಾತಿನ ಬೆಲೆ ತಿಂಗಳಿಗೆ ಎಷ್ಟು ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಟೋಬರಿನಲ್ಲಿ ಹನ್ನೆರಡು ವಾರ ಮುಗಿಸಿ ಬಂದರು. ಬಲಮಂಡಿ 130 ಡಿಗ್ರಿ ಮಡಚಿತು. ಬೆಚ್ಚಗಿಲ್ಲ, ತಟ್ಟಿದರೆ ಟಕ್ ಅನ್ನಲಿಲ್ಲ. ತೊಡೆ ಇನ್ನೂ ಒಂದು ಸೆಂಟಿಮೀಟರ್ ಸಣ್ಣಗಿದೆ. ಒಂದು ವರ್ಷ ಆಗಾಗ ಬಂದು ತೋರಿಸಲು ಹೇಳಿದ್ದೇನೆ. ನೊರೆಹಾಲು ಬಿಟ್ಟಿದ್ದಾರೆ, ಬೇಜಾರಿನಿಂದಲೇ. ಹಸುಗಳು ಎರಡೂ ಕೊಟ್ಟಿಗೆಯಲ್ಲೇ ಇವೆ. ಗಬ್ಬದ್ದು ಡಿಸೆಂಬರಿಗೆ ಈಯಬೇಕು. ಏಳುವ ಮುಂಚೆ ನನ್ನ ಮೇಜಿನ ಮೇಲಿದ್ದ ಗ್ಲೌಸ್ ಡಬ್ಬಿ ತೋರಿಸಿ ಇದು ಸಾಕಾ ಅಂತ ಕೇಳಿದರು. ಸಾಲದು, ಭುಜದವರೆಗೆ ಬರುವಂಥದ್ದು ಬೇಕು, ದನದ ಆಸ್ಪತ್ರೆಯಲ್ಲಿ ಕೇಳಿ ಅಂದೆ. ಮಾಸನ್ನು ತಿಪ್ಪೆಗೆ ಹಾಕದೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕು ಅಂತಲೂ ಹೇಳಿದೆ.

"ಗುಂಡಿ ಆಗ್ಲೇ ತೋಡಿದೀನಿ ಸಾರ್" ಅಂದರು.